ಬೊಟ್ಟಿನ ಮಟ್ಟಕ್ಕೆ ನೀರು

ಮೊನ್ನೆ ಗುರುವಾರ ಕೊಡಿಗೇಹಳ್ಳಿ ಗೇಟ್ ಹತ್ತಿರ ಸಿಗ್ನಲ್ಲಿಗೆ ಕಾಯುತ್ತ ನಿಂತಿದ್ದೆ. ಮುಂದಿದ್ದ ಕಾರಿನ ಬಾನೆಟ್ಟಿನ ಸಂದಿಯಿಂದ ಬೆಳ್ಳಗೆ ಏನೋ ಏಳತೊಡಗಿತು. ಹಿಂದಿನವರೆಲ್ಲ ಹಾರ್ನ್ ಬಾರಿಸುವುದಕ್ಕೆ ಶುರು ಮಾಡಿದರು. ನಮ್ಮ ಊರಿನಲ್ಲಿ ರಸ್ತೆಯ ಮೇಲೆ ಯಾರಿಗೆ ಕಷ್ಟ ಬಂದರೂ ಮೊದಲು ನಡೆಯುವ ಉಪಚಾರ ಅದೇ. ಆ ಕಾರಿನಿಂದ ನಡುವಯಸ್ಸಿನ ಒಬ್ಬರು ಇಳಿದು, ಬಾನೆಟ್ ಎತ್ತಿ, ಕೈಗೆ ಕರವಸ್ತ್ರ ಸುತ್ತಿಕೊಂಡು ಒಳಗೆ ಕೈ ಹಾಕಿದರು. ನಾನು ಕಿಟಕಿ ಇಳಿಸಿ, "ಮುಚ್ಚಳ ತೆಗೀಬೇಡ್ರೀ! ಮುಖ ಸುಟ್ಟೋಗುತ್ತೆ!" ಎಂದು ಕಿರುಚಿದೆ. ಅವರು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು. ಕಿಟಕಿ ಇಳಿಸಿದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು. ಸಿಹಿ ವಾಸನೆ. ಬೆಲ್ಲದ ಪಾಕವನ್ನು ಒಲೆಯ ಮೇಲಿಟ್ಟು ಮರೆತಾಗ ಬರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಸಿಗ್ನಲ್ ಯಾವಾಗ ಹಸಿರಾಯಿತೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಹಾರ್ನೆಲ್ಲ ನನ್ನ ಪಾಲಿಗೇ ಬಂತು.

ಅದು ಕೂಲೆಂಟಿನ ವಾಸನೆ. ಎಂಜಿನ್ ಕಾಯದಂತೆ ಅದರ ಸುತ್ತ ಹರಿದಾಡುವ ಬಣ್ಣದ ನೀರು. ಸೀರೆ ಉಟ್ಟ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡಿ. ನನಗೂ ಗೊತ್ತಿರಲಿಲ್ಲ. ವಿದ್ಯಾರಣ್ಯಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಂಡು ನೆಮ್ಮದಿಯಾಗಿದ್ದವಳು ನಾನು. ಐದು ವರ್ಷದ ಹಿಂದೆ ಮೂರು ತಿಂಗಳು ಒಂದು ಕಾರು ನನ್ನನ್ನು ಅರೆಹುಚ್ಚಿ ಮಾಡಿತು. ಕಾರೊಂದೇ ಅಲ್ಲ, ನಮ್ಮ ಅತ್ತೆಯೂ ಸೇರಿಕೊಂಡಿದ್ದರು. ಹೇಳುತ್ತೇನೆ, ಆತುರವಿಲ್ಲದಿದ್ದರೆ ಕೇಳಿ.

ಆಗ ನಮ್ಮ ಮನೆಯಲ್ಲಿ ಇದ್ದವರು ಮೂವರು. ನಾನು, ನಮ್ಮವರು, ಅತ್ತೆ. ಗೇಟಿನ ಒಳಗೆ ಹದಿನಾಲ್ಕು ವರ್ಷ ಹಳೆಯ ಒಂದು ಬಿಳಿ ಸಣ್ಣ ಕಾರು. ನಮ್ಮವರು ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದುದರಿಂದ ಕಾರು ನನ್ನ ಸುಪರ್ದಿಗೆ ಬಂದಿತ್ತು. ಅದಕ್ಕೆ ಇದ್ದ ಖಾಯಂ ಕೆಲಸ ಒಂದೇ. ಗುರುವಾರ ಅತ್ತೆಯನ್ನು ಕೂರಿಸಿಕೊಂಡು ಯಲಹಂಕದ ಹಳೇ ಊರಿಗೆ ಹೋಗುವುದು. ಅಲ್ಲಿ ಅತ್ತೆಯ ಅಕ್ಕ, ನಮ್ಮವರ ದೊಡ್ಡಮ್ಮ, ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಗುರುವಾರವೇ ಯಾಕೆಂದರೆ ಅವತ್ತು ದೊಡ್ಡಮ್ಮನ ಸೊಸೆ ಮಠಕ್ಕೆ ಹೋಗಿ, ಅಲ್ಲೇ ತೀರ್ಥಪ್ರಸಾದ ಮುಗಿಸಿಕೊಂಡು ಮಧ್ಯಾಹ್ನ ಬರುವ ಪದ್ಧತಿ. ಅವರು ಇಲ್ಲದ ಆ ಮೂರು ನಾಲ್ಕು ಗಂಟೆ ಅಕ್ಕನ ಜೊತೆ ತಂಗಿ ಇರುವುದೆಂದು ಎರಡು ಮನೆಯವರೂ ಗೊತ್ತುಮಾಡಿಕೊಂಡಿದ್ದರು.

ಅತ್ತೆಗೆ ಎಪ್ಪತ್ತಮೂರು ವಯಸ್ಸು, ಎರಡು ಮಂಡಿಯೂ ನೋವು, ಬಸ್ಸು ಹತ್ತಲಾರರು. ಆದರೆ ಗುರುವಾರ ಬೆಳಿಗ್ಗೆ ಅವರನ್ನು ನೀವು ನೋಡಬೇಕಿತ್ತು. "ಇವತ್ತು ಬೇಡ ಬಿಡೇ. ಅವಳದ್ದು ಇದ್ದಿದ್ದೇ ಗೋಳು. ಹೋದ್ರೂ ಜಗಳ, ಹೋಗದಿದ್ರೂ ಜಗಳ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಒಂಬತ್ತು ಗಂಟೆಗೆಲ್ಲ ಇಸ್ತ್ರಿ ಮಾಡಿದ ಸೀರೆ ಉಟ್ಟು, ಎಳ್ಳು ಬೆಲ್ಲ ಕುಟ್ಟಿ ಮಾಡಿದ ಚಿಗಳಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ಹೋಗುವ ಆಸೆ ಇದೆಯೋ ಇಲ್ಲವೋ ಎಂಬುದು ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನನಗೆ ಅರ್ಥವಾಗಿರಲಿಲ್ಲ.

ನನ್ನ ಮಟ್ಟಿಗೆ ಮಾತ್ರ ವಿಷಯ ಸ್ಪಷ್ಟವಿತ್ತು. ಮುಚ್ಚಿಟ್ಟು ಏನಾಗಬೇಕು, ಹೇಳಿಬಿಡುತ್ತೇನೆ. ನನಗೆ ಆ ಗುರುವಾರಗಳು ಬೇಡವಾಗಿದ್ದವು. ವಾರದಲ್ಲಿ ಟ್ಯೂಷನ್ ಇಲ್ಲದ ದಿನ ಅದೊಂದೇ. ಆ ಒಂದು ದಿನವನ್ನೂ ದೊಡ್ಡಮ್ಮನ ಮನೆಯ ಗಲ್ಲಿಯ ತುದಿಯಲ್ಲಿ, ಕಾರಿನೊಳಗೆ ಫೋನ್ ನೋಡುತ್ತ ಕೂತು ಕಳೆಯಬೇಕಿತ್ತು. ಒಳಗೆ ಹೋದರೆ ಕಾಫಿ ಮಾಡಬೇಕು, ಕುಶಲ ಕೇಳಬೇಕು. "ಪಾರ್ಕಿಂಗ್ ಸರಿ ಇಲ್ಲ ಅತ್ತೆ, ನಾನು ಇಲ್ಲೇ ಇರ್ತೀನಿ" ಅನ್ನುತ್ತಿದ್ದೆ. ಅತ್ತೆ ಒಂದು ದಿನವೂ ಒಳಗೆ ಬಾ ಎಂದು ಒತ್ತಾಯಿಸಲಿಲ್ಲ.

ಹೀಗಿರುವಾಗ ಫೆಬ್ರವರಿಯ ಒಂದು ಗುರುವಾರ, ಯಲಹಂಕದಿಂದ ವಾಪಸ್ಸು ಬರುತ್ತ ಬ್ಯಾಟರಾಯನಪುರದ ಜಾಮಿನಲ್ಲಿ ಸಿಕ್ಕಿಕೊಂಡಿದ್ದಾಗ, ಕಾರಿನ ಶಾಖ ತೋರಿಸುವ ಮುಳ್ಳು ಮೆಲ್ಲಗೆ ಮೇಲಕ್ಕೆ ಹತ್ತಿತು. ಕೆಂಪು ಗೆರೆ ಮುಟ್ಟುವಷ್ಟರಲ್ಲಿ ಬದಿಗೆ ತಂದು ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದು, ಆಮೆಯಂತೆ ಓಡಿಸಿಕೊಂಡು ಮನೆ ಸೇರಿದೆವು. ಮುಂದಿನ ಗುರುವಾರವೂ ಅದೇ ಕಥೆ. ಅದರ ಮುಂದಿನ ಗುರುವಾರ ಮನೆಗೆ ಬಂದಾಗ ಮೂರು ಗಂಟೆ. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ತೀರ್ಪು ಕೊಟ್ಟರು.

"ಇನ್ನೊಂದೆರಡು ಸಲ ನೋಡೋದು. ಆಮೇಲೂ ಬಿಸಿ ಆದ್ರೆ ಮಾರಿಬಿಡೋಣ. ಒಂದಿನ ಎಂಜಿನ್ನೇ ಸೀಜ್ ಆಗಿ ನಡುರಸ್ತೇಲಿ ನಿಂತ್ಕೋತೀರ. ಅಮ್ಮನ್ನ ಕ್ಯಾಬಲ್ಲಿ ಕಳಿಸಿದ್ರಾಯ್ತು."

ಅತ್ತೆ ಸಾರಿನ ಅನ್ನ ಕಲಸುತ್ತಿದ್ದರು. ತಲೆ ಎತ್ತಲಿಲ್ಲ. "ಹಾಗೇ ಮಾಡಿ" ಎಂದರು, ಅಷ್ಟೇ. ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಗುರುವಾರಗಳು ಖಾಲಿಯಾಗುವ ಸದ್ದು ಕೇಳಿಸಿ ಖುಷಿಯಾಯಿತು. ಇನ್ನೊಂದು ಮೂಲೆಯಲ್ಲಿ ಗಣಿತದ ಮೇಷ್ಟರು ಎದ್ದು ಕೂತರು. ಕಾರಣ ಇಲ್ಲದೆ ಕಾರ್ಯ ಇಲ್ಲ, ಬಿಡಿಸಲಾಗದ ಲೆಕ್ಕ ಇಲ್ಲ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬೊಗಳೆ ಬಿಟ್ಟವಳು, ಒಂದು ಕಾರಿಗೆ ಸೋತು ಕೂರುವುದೇ? ನಾನೇ ಕಂಡುಹಿಡಿಯುತ್ತೇನೆ ಎಂದುಬಿಟ್ಟೆ. ಹೀಗೆ, ಮಾರಿದರೆ ಸಾಕು ಎನ್ನುವವಳೂ ನಾನೇ, ರಿಪೇರಿ ಮಾಡುತ್ತೇನೆ ಎನ್ನುವವಳೂ ನಾನೇ ಆದೆ.

ಮತ್ತಿಕೆರೆಯಲ್ಲಿ ನಮ್ಮ ಹಳೆಯ ಮೆಕ್ಯಾನಿಕ್ ಖಾದರ್ ಭಾಯ್ ಇದ್ದರು. ಅವರಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ನೀರು ಕಮ್ಮಿ ಆಗ್ತಾ ಇದ್ಯಾ ಮೇಡಂ?"

ಬಾನೆಟ್ ಎತ್ತಿದರೆ ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಗುಲಾಬಿ ಬಣ್ಣದ ಕೂಲೆಂಟ್ ಎಷ್ಟಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ಬಿಸಿ ಇದ್ದಾಗ ಅದು ಕುದಿದು ಮೇಲೆ ಕೆಳಗೆ ಆಡುವುದರಿಂದ, ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕು ಎಂದು ಖಾದರ್ ಭಾಯ್ ಹೇಳಿದರು. ಹಣೆಗೆ ಅಂಟಿಸುವ ನನ್ನ ಬೊಟ್ಟಿನ ಹಾಳೆಯಿಂದ ಒಂದು ಮೆರೂನ್ ಬೊಟ್ಟು ಕಿತ್ತು ನೀರಿನ ಮಟ್ಟಕ್ಕೆ ಸರಿಯಾಗಿ ಡಬ್ಬಿಗೆ ಅಂಟಿಸಿದೆ. ವಿಜ್ಞಾನಕ್ಕೆ ಇಷ್ಟು ಸಾಕು. ದಿನಾ ಎಂಟು ಗಂಟೆಗೆ, ಬೆಳಗಿನ ಟ್ಯೂಷನ್ ಮುಗಿದ ಕೂಡಲೇ ಹೋಗಿ ನೋಡುತ್ತಿದ್ದೆ. ನೀರು ಬೊಟ್ಟಿನ ಮಟ್ಟಕ್ಕೇ ಇರುತ್ತಿತ್ತು. ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಗುರುವಾರ ಕಾರು ಕುದಿಯುತ್ತಿತ್ತು, ಶುಕ್ರವಾರ ಬೆಳಿಗ್ಗೆ ನೀರು ಬೊಟ್ಟಿನ ಹತ್ತಿರ ಜಾಣ ಮಗುವಿನಂತೆ ಕೂತಿರುತ್ತಿತ್ತು.

"ಕಮ್ಮಿ ಆಗ್ತಾ ಇಲ್ಲ ಭಾಯ್."

"ಹಂಗಂದ್ರೆ ಲೀಕೇಜ್ ಇಲ್ಲ. ಥರ್ಮೋಸ್ಟಾಟ್ ನೋಡಿ, ಫ್ಯಾನ್ ನೋಡಿ, ರೇಡಿಯೇಟರ್ ನೋಡಿ. ಇಲ್ಲಾಂದ್ರೆ ಗಾಡಿ ಇಲ್ಲಿಗೇ ತಗೊಂಡ್ಬನ್ನಿ ಮೇಡಂ."

ತೆಗೆದುಕೊಂಡು ಹೋಗಬಹುದಿತ್ತು. ಆದರೆ ಜಂಬ ಎಂಬುದೊಂದು ಇದೆಯಲ್ಲ.

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನ ನೀರು ಬಿಸಿಯಾದಾಗ ತಾನಾಗಿ ತೆರೆದುಕೊಳ್ಳುವ ಒಂದು ಪುಟ್ಟ ಬಾಗಿಲು. ತೆರೆಯದಿದ್ದರೆ ನೀರು ರೇಡಿಯೇಟರಿಗೆ ಹೋಗುವುದಿಲ್ಲ, ಎಂಜಿನ್ ಕಾಯುತ್ತದೆ. ಒಂದು ಭಾನುವಾರವಿಡೀ ಒದ್ದಾಡಿ, ಎರಡು ಉಗುರು ಕಳೆದುಕೊಂಡು ಅದನ್ನು ಬಿಚ್ಚಿದೆ. ಪರೀಕ್ಷೆ ಸುಲಭ, ಕುದಿಯುವ ನೀರಿಗೆ ಹಾಕಿದರೆ ಅದು ಬಾಯಿ ತೆರೆಯಬೇಕು. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರಿಟ್ಟು ಅದನ್ನು ಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ಒಂದು ನಿಮಿಷ ನೋಡಿದರು.

"ಅದು ನನ್ನ ಸಾರಿನ ಪಾತ್ರೆ ಕಣೇ."

"ತೊಳೆದು ಕೊಡ್ತೀನಿ ಅತ್ತೆ."

"ನಂಗೆ ಬೇಡ, ಅದ್ರಲ್ಲೇ ನಿನ್ನ ಗಾಡಿಗೆ ಸಾರು ಮಾಡಿ ಹಾಕು."

ಇಷ್ಟಾದರೂ ಅಲ್ಲಿಂದ ಕದಲಲಿಲ್ಲ. ನೀರು ಮರಳಿತು, ಥರ್ಮೋಸ್ಟಾಟ್ ಸೊಗಸಾಗಿ ಬಾಯಿ ತೆರೆಯಿತು. "ಚೆನ್ನಾಗಿದ್ಯಲ್ಲ?" ಎಂದರು ಅತ್ತೆ. ಚೆನ್ನಾಗಿತ್ತು, ಅದೇ ತೊಂದರೆ. ಅವರ ಮುಖದಲ್ಲಿ ಗೆಲುವು ಕಂಡಂತಾಯಿತು. ಪಾತ್ರೆಯ ಸಿಟ್ಟು ಎಲ್ಲಿ ಹೋಯಿತು ಎಂದು ನನಗೆ ತಿಳಿಯಲಿಲ್ಲ.

ಆಮೇಲೆ ಫ್ಯಾನ್. ಮನೆಯ ಮುಂದೆ ಎಂಜಿನ್ ಚಾಲೂ ಮಾಡಿಟ್ಟು ಇಪ್ಪತ್ತು ನಿಮಿಷ ಕಾದರೆ, ಬಿಸಿ ಏರಿದ ಕೂಡಲೇ ಫ್ಯಾನ್ ಗಿರ್ರೆಂದು ತಿರುಗಿ, ಮುಳ್ಳು ನಡುಮಧ್ಯೆ ಬಂದು ನಿಂತಿತು. ಅದೂ ಸರಿ. ರೇಡಿಯೇಟರಿನ ಮುಂದಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕಿ ಉಜ್ಜಿದೆ. ವರ್ಷ ವರ್ಷ ಆಯುಧಪೂಜೆಗೆ ಹಾರ ಕಟ್ಟಿದ್ದಕ್ಕೆ ಅಲ್ಲಿ ಚೆಂಡುಹೂವಿನ ಎಸಳು ಒಣಗಿ ಗೂಡುಕಟ್ಟಿತ್ತು. ಇದೇ ಕಾರಣ, ಗಾಳಿ ಆಡದೆ ಹೀಗಾಗಿದೆ ಎಂದು ಕುಣಿದಾಡಿದೆ. ಒಂದು ಹಿಡಿ ಹೂವು ತೆಗೆದದ್ದಾಯಿತು. ಗುರುವಾರ ಕಾರು ಮತ್ತೆ ಕುದಿಯಿತು. ಮುಚ್ಚಳ ಬದಲಾಯಿಸಿದೆ. ಮತ್ತೆ ಕುದಿಯಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ನನ್ನ ಪ್ರಯೋಗ ನಡೆದೇ ಇತ್ತು. ಮನೆಯ ಮುಂದೆ ನಿಲ್ಲಿಸಿ ನೋಡಿದರೆ ಎಲ್ಲ ಸರಿ. ಯಲಹಂಕಕ್ಕೆ ಹೋಗಿ ಬಂದರೆ ಎಲ್ಲ ತಪ್ಪು. ಟ್ಯೂಷನ್ನಿನಲ್ಲಿ ಕ್ಯಾಲ್ಕುಲಸ್ ಹೇಳುತ್ತ ಹೇಳುತ್ತ ಬೋರ್ಡಿನ ಮೇಲೆ ರೇಡಿಯೇಟರ್ ಬರೆದುಬಿಟ್ಟಿದ್ದೆ. ತಲೆ ಕೆಟ್ಟು ಗೊಬ್ಬರವಾಗಿತ್ತು.

ಈಗ ಯೋಚಿಸಿದರೆ, ಕಣ್ಣೆದುರಿಗೇ ಎಷ್ಟು ವಿಷಯ ಬಿದ್ದಿದ್ದವು! ಡಬ್ಬಿಯೊಳಗಿನ ಗುಲಾಬಿ ಬಣ್ಣ ವಾರದಿಂದ ವಾರಕ್ಕೆ ತೆಳ್ಳಗಾಗುತ್ತಿತ್ತು. ಹಳೆಯದಾಯಿತು, ಮಾಸಿದೆ ಎಂದುಕೊಂಡೆ. ಮುಂದಿನ ಗಾಜು ಒಳಗಡೆಯಿಂದ ಮಬ್ಬುಗಟ್ಟಿ, ಒರೆಸಿದರೆ ಜಿಗುಟು ಜಿಗುಟು. ಧೂಳು ಎಂದುಕೊಂಡೆ. ಕಾರಿನೊಳಗೆ ಸಿಹಿ ವಾಸನೆ. ಅತ್ತೆಯ ತೊಡೆಯ ಮೇಲೆ ಚಿಗಳಿ ಡಬ್ಬಿ ಇರುವಾಗ ಬೆಲ್ಲದ ವಾಸನೆ ಬಂದರೆ ಯಾರಿಗೆ ಅನುಮಾನ?

ಏಪ್ರಿಲ್ಲಿನ ಒಂದು ಗುರುವಾರ ಮುಳ್ಳು ಏರತೊಡಗಿದಾಗ ಖಾದರ್ ಭಾಯ್‌ಗೆ ಫೋನ್ ಮಾಡಿದೆ. "ಹೀಟರ್ ಫುಲ್ ಇಡಿ ಮೇಡಂ. ಎಂಜಿನ್ ಬಿಸಿ ಎಲ್ಲಾ ಒಳಗಡೆ ಬರುತ್ತೆ, ಗಾಡಿ ತಣ್ಣಗಾಗುತ್ತೆ" ಎಂದರು. ನಮ್ಮ ಕಾರಿಗೆ ಹೀಟರ್ ಇದೆ ಎಂಬುದು ನನಗೆ ಗೊತ್ತಾದದ್ದೇ ಆವತ್ತು. ಬೆಂಗಳೂರಿನಲ್ಲಿ ಯಾರು ಸ್ವಾಮಿ ಕಾರಿನ ಹೀಟರ್ ಹಾಕುತ್ತಾರೆ? ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಒಳಗೆ ಬಿಸಿಗಾಳಿ. ನಾನು ಬೆವರಿ ತೊಪ್ಪೆಯಾದೆ. ಅತ್ತೆ ಮಾತ್ರ ಎರಡು ಕಾಲನ್ನೂ ಸೀಟಿನ ಮೇಲಕ್ಕೆಳೆದು ಚಕ್ಕಂಬಕ್ಕಳ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಮಂಡಿ ನೋವಿನವರು ಹಾಗೆ ಕೂರುವುದೇ ಇಲ್ಲ.

"ಸೆಖೆ ಆಗ್ತಿದ್ಯಾ ಅತ್ತೆ? ನಿಲ್ಲಿಸ್ಲಾ?"

"ನಂಗೇನ್ ಸೆಖೆ ಇಲ್ಲ. ನೀನು ಓಡ್ಸು."

ಸಿಟ್ಟು ಬಂದಿದೆ, ಬಿಂಕ ಮಾಡುತ್ತಿದ್ದಾರೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಅವರ ಹಿಮ್ಮಡಿಯ ಪಕ್ಕ ಒಂದು ಬೊಕ್ಕೆ ಕಂಡು ಕೇಳಿದ್ದಕ್ಕೆ, ಬೆಳಿಗ್ಗೆ ಗಂಜಿ ಬಸಿಯುವಾಗ ಚೆಲ್ಲಿತು ಎಂದರು. ನಾನು ಮುಲಾಮು ಹಚ್ಚಿ ಸುಮ್ಮನಾದೆ. ನಮ್ಮವರು ಮಾತ್ರ ಸುಮ್ಮನಾಗಲಿಲ್ಲ. ಹಳೆ ಗಾಡಿ ಕೊಳ್ಳುವವರೊಬ್ಬರ ಜೊತೆ ಮಾತಾಡಿ, ಸೋಮವಾರ ಬಂದು ನೋಡಲು ಹೇಳಿಬಿಟ್ಟರು. ಅತ್ತೆಗೂ ಹೇಳಿದರು. ಅತ್ತೆ ಆ ರಾತ್ರಿ ಊಟ ಬೇಡ ಎಂದರು, ಹಸಿವಿಲ್ಲವಂತೆ.

ಶನಿವಾರ ಬೆಳಿಗ್ಗೆ. ಆರು ಗಂಟೆಯ ಟ್ಯೂಷನ್ನಿಗೆ ಬರಬೇಕಿದ್ದ ಮಕ್ಕಳು ಕಾಲೇಜಿನ ಟ್ರಿಪ್ಪು ಎಂದು ಹಿಂದಿನ ದಿನವೇ ಹೇಳಿದ್ದರು, ನಾನು ಅತ್ತೆಗೆ ಹೇಳಿರಲಿಲ್ಲ. ಪಾಠದ ಹೊತ್ತಿನಲ್ಲಿ ಮುಚ್ಚಿರುತ್ತಿದ್ದ ಕೋಣೆಯ ಕಿಟಕಿ ತೆರೆದೆ. ಅತ್ತೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಹಿತ್ತಾಳೆ ಚೊಂಬು ಹಿಡಿದು ತುಳಸಿಯ ಕಡೆಗೆ ಹೊರಟರು. ದಿನಾ ನಡೆಯುವ ಕೆಲಸ. ಆದರೆ ತುಳಸಿಯನ್ನು ದಾಟಿ ಕಾರಿನ ಹತ್ತಿರ ಹೋದರು. ಬಾಗಿಲು ತೆಗೆದು ಒಳಗೆ ಬಗ್ಗಿ ಏನೋ ಎಳೆದರು. ಬಾನೆಟ್ ಟಕ್ಕೆಂದಿತು. ಅದನ್ನು ಎರಡು ಕೈಯಲ್ಲೂ ಎತ್ತಿ, ಊರುಗೋಲಿನ ಕಡ್ಡಿ ಸಿಕ್ಕಿಸಿ, ಮೊದಲೇ ತಂದಿಟ್ಟಿದ್ದ ಅಡುಗೆಮನೆಯ ಮಣೆಯನ್ನು ಕಾಲಲ್ಲಿ ಸರಿಸಿಕೊಂಡು ಅದರ ಮೇಲೆ ಹತ್ತಿ ನಿಂತರು. ಡಬ್ಬಿಯ ಮುಚ್ಚಳ ತಿರುಗಿಸಿ ಚೊಂಬಿನಿಂದ ಸಣ್ಣ ಧಾರೆಯಾಗಿ ನೀರು ಹೊಯ್ದರು. ಬಗ್ಗಿ ನೋಡಿದರು. ಇನ್ನೊಂದು ಚೂರು ಹೊಯ್ದರು.

ನಾನು ಕಿಟಕಿಯ ಸರಳು ಹಿಡಿದು ನಿಂತೇ ಇದ್ದೆ. ಓಡಿಹೋಗಿ ಅವರೆದುರು ನಿಂತಾಗ ನನ್ನ ದನಿ ಏರಿತ್ತು.

"ಏನ್ ಮಾಡ್ತಿದೀರಾ ಅತ್ತೆ?"

ಅವರು ಬೆಚ್ಚಿ ಬೀಳುವರೇನೋ ಎಂದು ನಾನೇ ಹೆದರಿ ತೋಳು ಹಿಡಿದುಕೊಂಡೆ. "ಕಾಣಲ್ವಾ? ನೀರು ಹಾಕ್ತಿದೀನಿ."

"ಎಷ್ಟು ದಿನದಿಂದ?"

"ಮೊದಲನೇ ಸಲ ಗಾಡಿ ನಿಂತಾಗ್ಲಿಂದ. ನೀನು ಬೊಟ್ಟು ಅಂಟಿಸಿದ್ದು ಒಳ್ಳೇದಾಯ್ತು. ಎಷ್ಟು ಹಾಕ್ಬೇಕು ಅಂತ ಅದಕ್ಕೆ ಮುಂಚೆ ಗೊತ್ತಾಗ್ತಾನೇ ಇರ್ಲಿಲ್ಲ."

ನಗಬೇಕೋ ಅಳಬೇಕೋ! ನನ್ನ ಮೂರು ತಿಂಗಳ ವಿಜ್ಞಾನವೆಲ್ಲ ಈ ಚೊಂಬಿನಲ್ಲಿ ಮುಳುಗಿತ್ತು. ನೀರು ಸೋರುತ್ತಲೇ ಇತ್ತು, ಇವರು ತುಂಬುತ್ತಲೇ ಇದ್ದರು, ನಾನು ಎಂಟು ಗಂಟೆಗೆ ಬಂದು "ಕಮ್ಮಿ ಆಗಿಲ್ಲ" ಎಂದು ಬರೆದುಕೊಳ್ಳುತ್ತಿದ್ದೆ. ತುಂಬಿದ ಮೇಲೆ ಪರೀಕ್ಷೆ ಮಾಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಓಡಿಸಿದಾಗ ಒತ್ತಡಕ್ಕೆ ಸೋರಿ ಖಾಲಿಯಾಗುತ್ತದೆ, ಕುದಿಯುತ್ತದೆ.

"ಬಿಸಿ ಇದ್ದಾಗ ಈ ಮುಚ್ಚಳ ತೆಗೆದಿದ್ರೆ ಏನಾಗ್ತಿತ್ತು ಗೊತ್ತಾ?" ಎಂದು ರೇಗಿದೆ.

"ಕುಕ್ಕರ್ ಕೂಗ್ತಿರುವಾಗ ಮುಚ್ಚಳ ತೆಗೀತಾರೇನೇ ಯಾರಾದ್ರೂ? ನಂಗಷ್ಟೂ ತಿಳಿಯಲ್ವಾ? ಬೋರಿನ ನೀರೂ ಹಾಕಿಲ್ಲ. ಗೀಸರಲ್ಲಿ ಕಟ್ಟಿದ ಹಾಗೆ ಉಪ್ಪು ಕಟ್ಟುತ್ತೆ. ಕಾವೇರಿ ನೀರು ಕಾಯಿಸಿ ಆರಿಸಿ ಹಾಕಿದೀನಿ."

ಕೇಳಬೇಕಾದ ಪ್ರಶ್ನೆ ಆಮೇಲೆ ಹೊಳೆಯಿತು. "ಹಾಗಾದ್ರೆ ನೀರು ಹೋಗ್ತಿರೋದೆಲ್ಲಿಗೆ? ಗಾಡಿ ಕೆಳಗೆ ಒಂದು ತೊಟ್ಟೂ ಬಿದ್ದಿಲ್ವಲ್ಲ."

ಅತ್ತೆ ಮಣೆಯಿಂದ ಇಳಿದರು. ನಿಧಾನವಾಗಿ ಹೋಗಿ ತಾವು ಕೂರುವ ಸೀಟಿನ ಬಾಗಿಲು ತೆಗೆದು, ಕಾಲಿಡುವ ಜಾಗದ ರಬ್ಬರ್ ಮ್ಯಾಟ್ ಎತ್ತಿದರು. ಕೆಳಗೆ ಹಳೆಯ ಸೀರೆಯ ತುಂಡುಗಳನ್ನು ಮಡಿಸಿ ಮಡಿಸಿ ಹಾಸಿದ್ದರು. ಎಲ್ಲ ನೆನೆದು ಗುಲಾಬಿಯಾಗಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಎಂಜಿನ್ನಿನ ಬಿಸಿನೀರು ಹೀಟರಿಗಾಗಿ ಕಾರಿನೊಳಗೂ ಒಂದು ಸುತ್ತು ಬಂದು ಹೋಗುತ್ತದೆ. ಹದಿನಾಲ್ಕು ವರ್ಷ ನಾವು ಯಾರೂ ಮುಟ್ಟದ ಆ ಹೀಟರೇ ಒಳಗೊಳಗೆ ತೂತಾಗಿ ಅತ್ತೆಯ ಪಾದದ ಮೇಲೆ ಸೋರುತ್ತಿತ್ತು. ನಾನು ಏಪ್ರಿಲ್ಲಿನ ಬಿಸಿಲಲ್ಲಿ ಹೀಟರ್ ಹಾಕಿದ ದಿನ ಕುದಿಯುವ ನೀರೇ ತೊಟ್ಟಿಕ್ಕಿರಬೇಕು. ಹಿಮ್ಮಡಿಯ ಬೊಕ್ಕೆ ಗಂಜಿಯದಲ್ಲ.

ನನಗೆ ಅಯ್ಯೋ ಅನ್ನಿಸಿತು. ಜೊತೆಗೆ ವಿಪರೀತ ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ನನಗೆ ಕಣ್ಣಲ್ಲಿ ನೀರು ಬರುತ್ತದೆ.

"ಇದು ವಿಷ ಅತ್ತೆ, ಕೂಲೆಂಟ್ ಅಂದ್ರೆ ವಿಷ! ಕಾಲು ಸುಟ್ಕೊಂಡು ಕೂತಿದ್ರಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮಾರ್ತಿದ್ರಿ."

"ಕ್ಯಾಬಲ್ಲಿ ಕಳಿಸ್ತೀವಿ ಅಂತ ಹೇಳಿದ್ರಲ್ಲ ನಿಮ್ಮ ಮಗ."

ಅತ್ತೆ ಸೀರೆಯ ತುಂಡುಗಳನ್ನು ಒಂದೊಂದಾಗಿ ಹಿಂಡುತ್ತ ಹೇಳಿದರು. "ಒಂದು ವಾರ ಕಳಿಸ್ತೀರ. ಎರಡನೇ ವಾರಾನೂ ಕಳಿಸ್ತೀರ. ಮೂರನೇ ವಾರ, ಫೋನಲ್ಲೇ ಮಾತಾಡ್ಕೊಳ್ಳಿ ಅಮ್ಮ ಅಂತೀರ. ನಿಮ್ಮದೇನೂ ತಪ್ಪಲ್ಲ ಕಣೇ. ಎಲ್ಲಾ ಮನೇಲೂ ಹಾಗೇ ಆಗೋದು. ಅವಳಿಗೆ ಫೋನಲ್ಲಿ ಕಿವಿ ಕೇಳಲ್ಲ."

ನಾನು ಇಲ್ಲ ಎನ್ನಲಿಲ್ಲ. ಹೇಗೆ ಅನ್ನಲಿ? ಮೂರನೇ ವಾರ ಆ ಮಾತು ಹೇಳುತ್ತಿದ್ದವಳು ನಾನೇ ಎಂದು ನನಗೆ ಗೊತ್ತಿತ್ತು. ಮನಸ್ಸಿನಲ್ಲಿ ಎರಡು ತಿಂಗಳಿಂದ ಸಿದ್ಧ ಮಾಡಿಟ್ಟುಕೊಂಡಿದ್ದೆ ಕೂಡ. ಆ ಬೆಳಿಗ್ಗೆ ನನಗಾದ ನಾಚಿಕೆಯನ್ನು ನಾನು ಯಾರ ಹತ್ತಿರವೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಖಾದರ್ ಭಾಯ್ ಫೋನಿನಲ್ಲಿ ಕೇಳಿ ಜೋರಾಗಿ ನಕ್ಕರು. "ಅಮ್ಮಾಜಿ ನಮ್ಮಿಬ್ಬರನ್ನೂ ಯಾಮಾರಿಸಿದ್ರಲ್ಲ! ಹೊಸ ಹೀಟರ್ ಹಾಕೋಕೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು ಮೇಡಂ. ಬೆಂಗ್ಳೂರಲ್ಲಿ ಹೀಟರ್ ಯಾರಿಗೆ ಬೇಕು? ಬೈಪಾಸ್ ಮಾಡಿ." ಎಂಜಿನ್ನಿನಿಂದ ಹೀಟರಿಗೆ ಹೋಗುವ ಒಂದು ರಬ್ಬರ್ ಪೈಪು, ಬರುವ ಒಂದು ಪೈಪು. ಎರಡನ್ನೂ ಕಿತ್ತು, ನಡುವೆ ಒಂದು ಗೇಣು ಲೋಹದ ಕೊಳವೆ ಇಟ್ಟು, ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದರೆ ನೀರು ಕಾರಿನೊಳಗೆ ಹೋಗುವುದೇ ಇಲ್ಲ. ಇಷ್ಟೇ. ಮೂರು ತಿಂಗಳ ರೋಗಕ್ಕೆ ಒಂದು ಗೇಣು ಕೊಳವೆ.

ಭಾನುವಾರ ನಾನು ಮತ್ತು ಅತ್ತೆ ಸೇರಿ ಮಾಡಿದೆವು. ನಮ್ಮವರು ಪೇಪರ್ ಓದುತ್ತ, "ನಾಳೆ ಅವರು ನೋಡೋಕೆ ಬರ್ತಾರೆ, ಇದೆಲ್ಲ ಯಾಕೆ?" ಎಂದರು. ಅತ್ತೆ ಟಾರ್ಚ್ ಹಿಡಿದಿದ್ದರು. ಪೈಪು ಕಿತ್ತಾಗ ಒಳಗೆ ಉಳಿದಿದ್ದ ನೀರು ನನ್ನ ಮುಖಕ್ಕೇ ಎರಚಿತು. "ಬಾಯಿ ಮುಚ್ಕೋ, ವಿಷ ಅಂತ ನೀನೇ ಹೇಳಿದ್ಯಲ್ಲ" ಎಂದರು. ಕ್ಲಿಪ್ ಮೂರು ಸಲ ಜಾರಿತು. ಹೊಸ ಕೂಲೆಂಟ್ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ, ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಗೆ ಬರುವ ತನಕ ಕಾಯಬೇಕಿತ್ತು. ನಾನು ವೀಡಿಯೊ ನೋಡಲು ಫೋನ್ ತೆಗೆದರೆ, ಅತ್ತೆ, "ಹಾಲು ಇಟ್ಟಿದೀಯ ಅಂದ್ಕೋ. ಅತ್ತ ಇತ್ತ ನೋಡ್ಬೇಡ" ಎಂದು ಗದರಿದರು. ಗುಳ್ಳೆ ನಿಂತಿತು, ಮುಚ್ಚಳ ಹಾಕಿದೆವು. ಆಮೇಲೆ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆಬ್ಬಾಳದ ತನಕ ಹೋಗಿ, ಬೇಕೆಂದೇ ಜಾಮಿನಲ್ಲಿ ಸಿಕ್ಕಿಕೊಂಡು, ವಾಪಸ್ಸು ಬಂದೆವು. ಮುಳ್ಳು ನಡುಮಧ್ಯದಿಂದ ಅಲುಗಲಿಲ್ಲ. ಸೋಮವಾರ ಬರುವವರಿಗೆ ಬರಬೇಡಿ ಎಂದು ನಾನೇ ಫೋನ್ ಮಾಡಿದೆ. ನಮ್ಮವರು ನನ್ನ ಮುಖವನ್ನೂ ಅವರಮ್ಮನ ಮುಖವನ್ನೂ ನೋಡಿ ಪೇಪರ್ ಮಡಿಸಿದರು.

ಮುಂದಿನ ಗುರುವಾರ ಮೊದಲ ಸಲ ನಾನೂ ಗಲ್ಲಿಯೊಳಗೆ ನಡೆದು ಹೋದೆ. ಅತ್ತೆ ಅಲ್ಲಿ ಮೂರು ಗಂಟೆ ಏನು ಮಾಡುತ್ತಾರೆ ಎಂದು ನೋಡಬೇಕಿತ್ತು. ಏನೂ ಮಾಡುವುದಿಲ್ಲ. ದೊಡ್ಡಮ್ಮನನ್ನು ದಿಂಬಿಗೆ ಒರಗಿಸಿ, ಹಿಂದೆ ಕೂತು, ತಲೆಗೆ ಎಣ್ಣೆ ಹಚ್ಚಿ, ಹಿಡಿಯಷ್ಟು ಉಳಿದಿದ್ದ ಕೂದಲನ್ನು ಸಿಕ್ಕು ಬಿಡಿಸಿ ಜಡೆ ಹಾಕಿದರು. "ಎಳೀಬೇಡ ಪದ್ದಿ" ಎಂದು ದೊಡ್ಡಮ್ಮ, "ನೆಟ್ಟಗೆ ಕೂತ್ಕೊಂಡ್ರೆ ಯಾಕೆ ಎಳೀತೀನಿ" ಎಂದು ಅತ್ತೆ. ಅರವತ್ತು ವರ್ಷದ ಹಿಂದೆ ಯಾರೋ ಕಳೆದ ಒಂದು ಕಿವಿಯೋಲೆಯ ವಿಚಾರಕ್ಕೆ ಜಗಳವಾಯಿತು. ಇಬ್ಬರೂ ಮುಖ ತಿರುಗಿಸಿಕೊಂಡರು. ಹೊರಡುವಾಗ ದೊಡ್ಡಮ್ಮ ತಂಗಿಯ ಸೆರಗು ಹಿಡಿದುಕೊಂಡು ಬಿಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅತ್ತೆ, "ನೋಡಿದ್ಯಲ್ಲ, ಸಾಕಾಗಿಹೋಗಿದೆ ಇವಳ ಸಹವಾಸ" ಎಂದರು. ನನಗೆ ಈ ಅಕ್ಕತಂಗಿಯರು ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಎರಡು ದಿನದ ಜ್ವರ, ಅಷ್ಟೇ. ದೊಡ್ಡಮ್ಮ ಇದ್ದಾರೆ, ನೆನಪು ಮಾತ್ರ ಸಡಿಲವಾಗಿದೆ. ತಂಗಿ ಹೋದ ಸುದ್ದಿಯನ್ನು ಎರಡು ಸಲ ಹೇಳಿ, ಎರಡು ಸಲವೂ ಅವರು ಹೊಸದಾಗಿ ಕೇಳಿದವರಂತೆ ಅತ್ತ ಮೇಲೆ, ಯಾರೂ ಮತ್ತೆ ಹೇಳಲಿಲ್ಲ. ಗುರುವಾರ ನಾನು ಒಬ್ಬಳೇ ಹೋಗುತ್ತೇನೆ. ಹೋಗು ಎಂದು ಯಾರೂ ಹೇಳಿಲ್ಲ. ಗಂಡನ ತಾಯಿಯ ಅಕ್ಕ ನನಗೆ ಏನಾಗಬೇಕು? "ಅಮ್ಮನೇ ಇಲ್ಲ, ನೀನ್ಯಾಕೆ ಒದ್ದಾಡ್ತೀಯ?" ಎಂದು ನಮ್ಮವರು ಒಂದೆರಡು ಸಲ ಕೇಳಿದರು. ಹೇಳಲು ಒಂದು ಕಾರಣ ಹುಡುಕಿದೆ, ಸಿಗಲಿಲ್ಲ. ಗಣಿತ ಓದಿದವಳಿಗೆ ಇದೊಂದು ಅವಮಾನ.

ಮೊನ್ನೆ ಆ ಸಿಗ್ನಲ್ಲಿನ ಗೊಂದಲದಿಂದ ತಡವಾಗಿ ತಲುಪಿದೆ. ದೊಡ್ಡಮ್ಮ ಬಾಗಿಲನ್ನೇ ನೋಡುತ್ತಿದ್ದರು. ಎಂದಿನ ಪ್ರಶ್ನೆ ಬಂತು.

"ಪದ್ದಿ ಎಲ್ಲೇ?"

ನಾನೂ ಎಂದಿನ ಸುಳ್ಳು ಹೇಳಿದೆ. "ಗಾಡಿ ಕೆಟ್ಟಿದೆ ದೊಡ್ಡಮ್ಮ. ಮುಂದಿನ ವಾರ ಬರ್ತಾರೆ."

ಸಾಮಾನ್ಯವಾಗಿ ಅವರು "ಅಯ್ಯೋ" ಎಂದು ಸುಮ್ಮನಾಗುತ್ತಾರೆ. ಅವತ್ತು ಆಗಲಿಲ್ಲ.

"ಗಾಡಿ ಕೆಟ್ಟಿದ್ರೆ ನೀನು ಹೆಂಗೆ ಬಂದೆ?"

ಬಾಯಿಗೆ ಬಂದದ್ದು ಹೇಳಿದೆ. "ನಡ್ಕೊಂಡು ಬಂದೆ ದೊಡ್ಡಮ್ಮ."

"ಅಷ್ಟು ದೂರದಿಂದಾನಾ? ನನ್ನ ನೋಡೋಕಾ?"

"ಹೂಂ."

ಅವರು ಕಷ್ಟಪಟ್ಟು ಪಕ್ಕಕ್ಕೆ ಸರಿದು, ಹಾಸಿಗೆಯ ಮೇಲೆ ಕೈಯಿಂದ ತಟ್ಟಿ ಜಾಗ ತೋರಿಸಿದರು. "ಹಾಗಾದ್ರೆ ಕಾಲು ನೋಯ್ತಿರುತ್ತೆ, ಕೂತ್ಕೋ ಬಾ. ಹೋಗೋಕೆ ಅವಸರ ಏನಿಲ್ಲ ತಾನೇ?"

"ಇಲ್ಲ" ಎಂದು ಹೇಳಿ ಕೂತೆ.